ಒಂದೇ ಕಾರಿನ ದಾರಿ

ಲ್ಯಾಂಪೀಟರ್ ದಾಟಿದ ಮೇಲೆ ರಸ್ತೆ
ನಮ್ಮನ್ನು ನಂಬುವುದನ್ನೇ ಬಿಟ್ಟಿತು.
ಮೊದಲು ನಡುಗೆರೆ ಹೋಯಿತು, ಆಮೇಲೆ ಅಂಚು,
ಆಮೇಲೆ ಫೋನಿನೊಳಗಿನ ಹೆಂಗಸೂ ಬಾಯಿ ಮುಚ್ಚಿದಳು.
ಎರಡೂ ಕಡೆ ಆಳೆತ್ತರದ ಮುಳ್ಳುಬೇಲಿ,
ನಡುವೆ ಒಂದೇ ಕಾರು ಹಿಡಿಸುವ ಡಾಂಬರು,
ಡಾಂಬರಿನ ನಟ್ಟನಡುವೆ ಹುಲ್ಲು.

ನೆಲದ ಮೇಲೆ ಬಿಳಿ ಅಕ್ಷರ. ಅರಾಫ್, ಓದಿದೆ ನಾನು.
ಅರಾವ್ ಅನ್ನಬೇಕು ಅಮ್ಮಾ, ವೆಲ್ಶ್ ಅದು,
ನಿಧಾನ ಅಂತ ಅರ್ಥ, ತಿದ್ದಿದಳು ಮಗಳು.
ನಿಧಾನವಾಗಿಯೇ ಇದ್ದೆ.
ಕವೆಂಟ್ರಿಯಿಂದ ಇಲ್ಲಿಗೆ ಬರಲು
ನನಗೆ ಮೂರು ವರ್ಷ ಎಂಟು ತಿಂಗಳು ಹಿಡಿದಿತ್ತು.

ಅವ್ವನ ಬೋರಮಾಳ ಬರೀ ನೆಪ.
ನೀ ಕಡೀಕ ಬರಲೇ ಇಲ್ಲ, ಅಂದಳು ಅಕ್ಕ.
ನೀ ಮೊದಲ ಹೇಳಲೇ ಇಲ್ಲ, ಅಂದೆ ನಾನು.
ಅಲ್ಲಿಗೆ ಎರಡೂ ಫೋನು ತಣ್ಣಗಾದವು.
ಸರ ಇನ್ನೂ ಧಾರವಾಡದ ಬ್ಯಾಂಕಿನ ಲಾಕರಿನಲ್ಲಿದೆ.
ಬಾಡಿಗೆ ಇಬ್ಬರೂ ಕಟ್ಟುತ್ತೇವೆ,
ಒಬ್ಬರಿಗೊಬ್ಬರು ಹೇಳದೆ.

ತಿರುವಿನಲ್ಲಿ ಎದುರಾಯಿತು ಲ್ಯಾಂಡ್ ರೋವರ್,
ಯಾವ ಬಣ್ಣದ್ದೋ, ಕೆಸರು ತೊಳೆದರೆ ತಿಳಿದೀತು.
ಒಳಗೆ ಒಬ್ಬ ಮುದುಕಿ, ಪಕ್ಕದಲ್ಲಿ ನಾಯಿ,
ಇಬ್ಬರೂ ನನ್ನನ್ನೇ ನೋಡುತ್ತ ಕೂತರು.
ಯಾರಾದರೊಬ್ಬರು ಹಿಂದೆ ಸರಿಯಬೇಕಲ್ಲ.
ನಾನೇ ಸರಿದೆ. ಹೊಸಬಳು, ಊರು ಅವರದು,
ಕುತ್ತಿಗೆ ತಿರುಗಿಸಿ, ಕೈ ಸೀಟಿಗೆ ಆನಿಸಿ,
ಬಲಕ್ಕೆ ಅಂದರೆ ಎಡಕ್ಕೋ, ಎಡಕ್ಕೆ ಅಂದರೆ
ಎನ್ನುವಷ್ಟರಲ್ಲಿ ಹಿಂಗಾಲಿ ಚರಂಡಿಗೆ.

ಕಟಕ್.
ಕಾರಲ್ಲ. ಮಗಳ ತೊಡೆಯ ಮೇಲಿದ್ದ ರೊಟ್ಟಿ.
ಎರಡು ರಾತ್ರಿ ಕೂತು ಬಡಿದ ಮೂವತ್ತು ಕಡಕ್ ರೊಟ್ಟಿ,
ಟವೆಲಿನೊಳಗೇ ನೂರಾ ಎಂಟಾದ ಸದ್ದು.
ಎಣಿಸಬ್ಯಾಡ, ಅಂದೆ.
ಅವಳಾಗಲೇ ಗಂಟು ಬಿಚ್ಚುತ್ತಿದ್ದಳು.

ಮುದುಕಿ ಇಳಿದು ಬಂದಳು, ಹಗ್ಗ ತಂದಳು.
ಹೆಸರು ಎಲೀನೆಡ್. ವಯಸ್ಸು ಎಂಬತ್ತೊಂದು,
ಕೇಳದೆಯೇ ಹೇಳಿದಳು.
ಕೊಕ್ಕೆ ಸಿಗಿಸಿ, ಎಳೆದು, ಕಾರನ್ನು
ಕರು ಹಾಕಿಸಿದಷ್ಟು ಸಲೀಸಾಗಿ ಮೇಲೆ ತಂದು
ಕೈ ಒರೆಸಿಕೊಳ್ಳುತ್ತ ಕೇಳಿದಳು:
ಅಲ್ಲ ತಾಯಿ, ನನ್ನ ಬೆನ್ನ ಹಿಂದೇ ಇತ್ತಲ್ಲ ಜಾಗ,
ಹತ್ತು ಹೆಜ್ಜೆ. ಯಾಕೆ ಅಷ್ಟು ಅವಸರ?
ನೀನೇ ಹೊರಟೆ, ನಿನಗೆ ಅದು ಇಷ್ಟವೇನೋ ಅಂದುಕೊಂಡೆ.

ಯಾರ ಮನೆಗೆ, ಅಂದಳು. ಹೇಳಿದೆ.
ಓ ಡಾಕ್ಟರ್ ನೀಲಾ! ನನ್ನ ಮೊಣಕಾಲು ಅವಳದೇ ಕೃಪೆ.
ತಂಗಿ ಇದ್ದಾಳೆ ಅಂತ ಹೇಳುತ್ತಿದ್ದಳು,
ಚಂದ ರೊಟ್ಟಿ ಬಡೀತಾಳೆ ಅಂತಲೂ.
ನನ್ನ ಮುಖವನ್ನು ಒಮ್ಮೆ, ಗಂಟನ್ನು ಒಮ್ಮೆ ನೋಡಿ
ತನ್ನ ಫೋನು ತೆಗೆದಳು. ಅದಕ್ಕೆ ಸಿಗ್ನಲ್ ಇತ್ತು.
ನಾನು ಬೇಡ ಅನ್ನಬಹುದಿತ್ತು.
ನಾಯಿ ಅಷ್ಟರಲ್ಲಿ ಒಂದು ತುಂಡು ರೊಟ್ಟಿ ತಿಂದಿತ್ತು.

ಆಕೆ ತನ್ನ ಹತ್ತು ಹೆಜ್ಜೆ ಹಿಂದೆ ಹೋಗಿ ದಾರಿ ಬಿಟ್ಟಳು.
ಮುಂದಿನ ತಿರುವಿನಲ್ಲೇ ಮತ್ತೊಂದು ಕಾರು, ದೀಪ ಹಚ್ಚಿಕೊಂಡು,
ನನ್ನ ಮೂತಿಗೆ ಮೂತಿ ತಂದು ನಿಂತಿತು.
ಅಕ್ಕ.
ಕಾಲು ತಾನಾಗಿಯೇ ಕ್ಲಚ್ಚಿಗೆ ಹೋಯಿತು,
ಕೈ ರಿವರ್ಸಿಗೆ.
ಅವಳು ಕಿಟಕಿ ಇಳಿಸಿದಳು. ತಲೆ ಹೊರಗೆ ಹಾಕಿದಳು.
ಗಂಗೂ, ಅಲ್ಲೇ ಇರು. ಇಳೀಬ್ಯಾಡ, ಕೆಸರದ.

ಅಷ್ಟೇ ಮಾತು.
ಆಮೇಲೆ ಹಿಂದಕ್ಕೆ ಹೊರಟಳು, ಮನೆಯ ತನಕ,
ಅರ್ಧ ಮೈಲಿ ಇದ್ದೀತು, ಬೇಲಿಗೆ ಎಲೆಯೂ ತಾಗದ ಹಾಗೆ.
ನಾನು ಅವಳ ದೀಪಗಳ ಹಿಂದೆ, ಅಲ್ಲ, ಮುಂದೆ,
ಇದಕ್ಕೆ ಏನನ್ನಬೇಕೋ.
ನನ್ನ ಕಡೆಗೇ ಕೂತಿದ್ದಾಳೆ, ನೋಡುತ್ತಿರುವುದು ಹಿಂದೆ.
ತಿರುಗಿಸಿದ ಕುತ್ತಿಗೆಯ ಮೇಲೆ ಜಡೆ,
ತುದಿಯವರೆಗೂ ನರೆತಿದೆ. ಯಾವಾಗ?
ಮಗಳು ಕೈ ಬೀಸಿದಳು, ಅವಳಿಗೆ ಕಾಣಲಿಲ್ಲ.

ಗೇಟಿನ ಹತ್ತಿರ ಮಾತ್ರ
ಅವಳ ಪಕ್ಕದ ಕನ್ನಡಿ ಕಲ್ಲುಕಂಬಕ್ಕೆ ಬಡಿದು
ಟಿಣ್ ಎಂದು ಕೆಳಗೆ ಬಿತ್ತು.
ಈ ಸಲ ನಾನು ಇಳಿದೆ, ಕೆಸರಿದ್ದರೂ.