ಇಪ್ಪತ್ತಮೂರು ಕಿಲೋ

ಮೊಯ್ದುಚ್ಚನ ಕೊಬ್ಬರಿ ಅಂಗಡಿಯ ತಕ್ಕಡಿಗೆ ಸುಳ್ಳು ಬರುವುದಿಲ್ಲ.
ಮನೆಯಲ್ಲಿರುವುದು ಎಬ್ಬಿಗೆ ಹಿತವಾಗುವಷ್ಟೇ ತೋರಿಸುತ್ತದೆ.
ಹಾಗಾಗಿ ನೆಲ್ಲಿಕುಂಜೆಯ ತಿರುವಿನವರೆಗೆ
ಆಟೋದಲ್ಲಿ ಮೂರು ಪೆಟ್ಟಿಗೆ, ಅವರು ಮೂವರು,
ಹಿಂದಿನಿಂದ ನಡೆದು ನಾನು.

'ಆಫ್ರಿಕಕ್ಕಾ ಟೀಚರೇ? ದುಬಾಯಿಯಾದರೆ ಮೂವತ್ತು ಬಿಡ್ತಾರೆ'
ಎನ್ನುತ್ತ ಮೊಯ್ದುಚ್ಚ ಹಗ್ಗ ಬಿಗಿದರು.
ರಟ್ಟಿನ ಪೆಟ್ಟಿಗೆ ಕಟ್ಟುವುದನ್ನು ಕಾಸರಗೋಡಿನಲ್ಲಿ
ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ಆರು ತಿಂಗಳ ರಜೆ. ರಜೆ ಅಂದರೆ ಇದು:
ಹನ್ನೊಂದು ಸಭೆ, ಹನ್ನೊಂದು ಬಿಳಿ ಪರದೆ,
ಅದೇ ಬಾವಿ, ಮಾವಿನ ಮರದಡಿಯ ಅದೇ ಶಾಲೆ,
ಅದೇ ಮುದುಕಿ ಅದೇ ಮೆಕ್ಕೆಜೋಳ ಕುಟ್ಟುವುದು.
ಎಬ್ಬಿ ಎಲ್ಲಿ ಮಾತು ನಿಲ್ಲಿಸಿ ಕನ್ನಡಕ ಒರೆಸುತ್ತಾನೆಂದು
ನನಗೆ ಬಾಯಿಪಾಠ.
ಸಿಂಹ ಉಂಟಾ ಎಂದು ಕೇಳುವ ಹುಡುಗ
ಪ್ರತಿ ಊರಲ್ಲೂ ಒಬ್ಬ.
ಕೊನೆಗೆ ಕಾಣಿಕೆಯ ಲಕೋಟೆಗಳು.
ಒಬ್ಬಾಕೆ ಐವತ್ತು ರೂಪಾಯಿಯ ಜೊತೆ
ಮಿಡಿ ಉಪ್ಪಿನಕಾಯಿ ಕೊಟ್ಟಳು, ಅಲ್ಲಿಯವರಿಗೂ ಬಡಿಸಿ ಎಂದು.

ನಿಜ ಹೇಳುತ್ತೇನೆ, ನನಗೆ ಸಾಕಾಗಿತ್ತು.
ಹೆಪ್ಸಿಬಾ ನನ್ನ ಮಸಾಲೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಳು,
ಜೀರಿಗೆ ಯಾವುದೆಂದು ನನಗೆ ಗೊತ್ತಿಲ್ಲದ ಹಾಗೆ.
ಚಹಾ ಆರಿ ಕೆನೆಗಟ್ಟುವವರೆಗೆ ಪ್ರಾರ್ಥನೆ.
ಮಗು ಇಲ್ಲಿ ಕೃಪಾ, ಅಲ್ಲಿ ಚಿಸೊಮೊ.
ಅರ್ಥ ಒಂದೇ ಅಂತೆ.
ನಿದ್ದೆಯಲ್ಲಿ ಅಲ್ಲಿಯವಳು ಯಾರನ್ನೋ ಕರೆಯುತ್ತಾಳೆ,
ನಾನು ಓಗೊಟ್ಟರೆ ಕಣ್ಣು ಬಿಟ್ಟು
ತಪ್ಪು ಮನೆಗೆ ಬಂದವಳಂತೆ ನೋಡುತ್ತಾಳೆ.

ಮೊನ್ನೆ ರಾತ್ರಿ ಕರೆಂಟು ಹೋಗಿತ್ತು.
ಜಗಲಿಯಲ್ಲಿ ಎಬ್ಬಿ, ನಾನು, ಸೊಳ್ಳೆಬತ್ತಿಯ ಕೆಂಡ.
'ಅಕ್ಕಾ, ಚಿತ್ರದಲ್ಲಿ ಕಾಣುವ ಜನ ನೀರಿಗೆ ಬಂದವರು.
ಭಾನುವಾರಕ್ಕೆ ಬರುವವರು ಆರು ಮಂದಿ.
ಅದರಲ್ಲಿ ನಾವೇ ಮೂವರು.'
ಸ್ವಲ್ಪ ಹೊತ್ತಿನ ಮೇಲೆ,
'ಯಾರಿಗೂ ಹೇಳಬೇಡ.'

ಹೇಳಲಿಲ್ಲ. ಅವನಿಗೆ ಹೇಳಬಹುದಾಗಿದ್ದುದನ್ನೂ ಹೇಳಲಿಲ್ಲ:
ನಾನು ನಿವೃತ್ತಳಾದ ವರ್ಷ
ಕನ್ನಡ ಒಂದನೇ ತರಗತಿಗೆ ಐದು ಮಕ್ಕಳು.
ಪಕ್ಕದ ಕೋಣೆಯಲ್ಲಿ ಮಲಯಾಳದ ನಲವತ್ತಾರು,
ಅವರು ಒಟ್ಟಿಗೆ ಮಗ್ಗಿ ಹೇಳಿದರೆ
ನಮ್ಮ ಹಲಗೆಯ ಮೇಲಿನ ಅ ಆ ಇ ಈ ನಡುಗುತ್ತಿತ್ತು.
ಐವರಲ್ಲಿ ಒಬ್ಬನಿಗೆ ಯಾವಾಗಲೂ ಜ್ವರ.
ಆದರೂ ಹತ್ತು ಗಂಟೆಗೆ ಹಾಜರಿ ಕರೆಯುತ್ತಿದ್ದೆ,
ದೊಡ್ಡ ದನಿಯಲ್ಲಿ, ಹಿಂದಿನ ಬೆಂಚಿಗೂ ಕೇಳಲೆಂದು.
ಹಿಂದಿನ ಬೆಂಚಿನಲ್ಲಿ ಕೊಡೆ ಇಡುತ್ತಿದ್ದೆವು.

ಮೂರನೆಯ ಪೆಟ್ಟಿಗೆ: ಇಪ್ಪತ್ತನಾಲ್ಕು ಕಿಲೋ ಇನ್ನೂರು.
ಕಟ್ಟಿದ ಗಂಟನ್ನು ಮೊಯ್ದುಚ್ಚ ಬಿಚ್ಚಿದರು, ಬೇಸರವಿಲ್ಲದೆ.
ಹೆಪ್ಸಿಬಾ ಕುಚ್ಚಲಕ್ಕಿಯ ಚೀಲ ಮುಟ್ಟಿ
ಕೈ ಹಿಂದೆಗೆದಳು.
ಎಬ್ಬಿ ಪ್ರೊಜೆಕ್ಟರು ಹೊರತೆಗೆದ.
'ಇದು ಅಲ್ಲಿ ಬೇಡ' ಎಂದ, ನನ್ನ ಮುಖ ನೋಡದೆ.
ಒಂದೂವರೆ ಕಿಲೋ.
ಮುಳ್ಳು ಹಿಂದೆ ಸರಿದು ನಿಂತಿತು.

'ಮುನ್ನೂರು ಗ್ರಾಂ ಉಳೀತಲ್ಲ ಟೀಚರೇ.'
ತೂಕ ಬಿಟ್ಟುಕೊಟ್ಟು ಗೊತ್ತಿಲ್ಲದ ಮನುಷ್ಯ.
ನನ್ನ ಕೈಚೀಲದಲ್ಲಿ ಸೀಮೆಸುಣ್ಣದ ಡಬ್ಬಿಯೊಂದಿತ್ತು, ಅರ್ಧ ಖಾಲಿ.
ಎರಡು ವರ್ಷದಿಂದ ಅಲ್ಲೇ ಇತ್ತು, ಯಾಕೆಂದು ಕೇಳಬೇಡಿ.
ಅಕ್ಕಿಯ ಪಕ್ಕ ತುರುಕಿದೆ.
ಎಬ್ಬಿ ಕನ್ನಡಕ ತೆಗೆದ. ಇಲ್ಲಿ ಪರದೆ ಇರಲಿಲ್ಲ.

ಮತ್ತೆ ಹಗ್ಗ, ಮತ್ತೆ ಗಂಟು.
'ಹೆಸರು ಬರೀರಿ' ಎಂದು ಮೊಯ್ದುಚ್ಚ ಕಪ್ಪು ಮಾರ್ಕರು ನೀಡಿದರು.
ಮಗು ಎಲ್ಲರಿಗಿಂತ ಮೊದಲು ಕಸಿದುಕೊಂಡು
ಆರು ತಿಂಗಳಲ್ಲಿ ನನ್ನಿಂದ ಕಲಿತ ಅಕ್ಷರಗಳಲ್ಲಿ
ನಾಲಿಗೆ ಕಚ್ಚಿ ಬರೆಯಿತು: ಚಿಸೋಮೊ.
ಸೊ-ಗೆ ದೀರ್ಘ ಬೇಡ, ಎಂದೆ.
ಬಾಯಿ ಸುಮ್ಮನಿರಬೇಕಲ್ಲ.
ಅವಳು ಬೆರಳಿಂದ ಉಜ್ಜಿದಳು, ಉಗುಳು ಹಚ್ಚಿ ಉಜ್ಜಿದಳು.
ಹೋಗಲಿಲ್ಲ.
ಆಟೋದವನು ಹಾರ್ನ್ ಹೊಡೆಯುತ್ತಿದ್ದ.