ಅಂಗಡಿಯ ಹಲಗೆ, ಆರಿದ್ರೆ ಮಳೆ

ಸಾಲಗಾಮೆ ರಸ್ತೆ, ಮುಚ್ಚಿದ ಹಿಟ್ಟಿನ ಗಿರಣಿಯ ಪಕ್ಕ.
ಎಂಟಕ್ಕೆ ಶಟರ್ ಎತ್ತಿ, ಕಪ್ಪು ಹಲಗೆ ಹೊರಗಿಟ್ಟು
ಸೀಮೆಸುಣ್ಣದಲ್ಲಿ ಬರೆಯುತ್ತೇನೆ ಈ ಪಕ್ಷದ ಸುದ್ದಿ:
ಆರಿದ್ರೆ ಹಿಡಿದಿದೆ. ನೀರು ಹಾಕಬೇಡಿ.
ದಯವಿಟ್ಟು ನೀರು ಹಾಕಬೇಡಿ.

ಆದರೆ ಆರಿದ್ರೆ, ಆಗದಿದ್ದರೆ ದರಿದ್ರ
ಅನ್ನುತ್ತಾರೆ ಹೊಲದವರು. ನಮಗೆ ಉಲ್ಟಾ.
ಕಳ್ಳಿ ಸಾಯೋದು ಬಿಸಿಲಿಗಲ್ಲ ಕಣೇ, ಅನ್ನುತ್ತಾಳೆ ಅಮ್ಮ,
ಅಕ್ಕರೆಗೆ. ದಿನಾ ಒಂದು ಚೊಂಬು ಅಕ್ಕರೆ
ಬುಡಕ್ಕೆ ಹೊಯ್ದರೆ ಬೇರು ತಾನೇ ಏನು ಮಾಡೀತು,
ಇದನ್ನೂ ಬರಿ.
ಹಲಗೆಯಲ್ಲಿ ಅಷ್ಟು ಜಾಗವಿಲ್ಲ.

ಹೊಸದಾಗಿ ಬಂದಿದೆ: ನೋಡಿದರೆ ಬೆಣಚುಕಲ್ಲು,
ಮುಟ್ಟಿದರೆ ಗಿಡ. ಹೆಸರು ಯಾರ ಬಾಯಿಗೂ ಬರುವುದಿಲ್ಲ;
ಅಪ್ಪ ‘ಗೋಲಿ, ನೂರಿಪ್ಪತ್ತು’ ಎಂದು ಚೀಟಿ ಅಂಟಿಸಿದ್ದಾರೆ.
ಅತ್ತಿಗೆ ತೇಜಾವತಿ ಸಂಜೆ ಸಂಜೆ ಎಣಿಸುತ್ತಾಳೆ,
ಒಂದೂ ಮಗುವಿನ ಬಾಯಿಗೆ ಹೋಗಿಲ್ಲವಷ್ಟೆ ಎಂದು.

ಇಲ್ಲ: ಹೊಳೆಮರಳು.
ಬದಲಿಗೆ ಗೂಡಿನ ಇಟ್ಟಿಗೆಚೂರು, ಸಕಲೇಶಪುರದ ಕಾಫಿ ಸಿಪ್ಪೆ,
ಆಲೂಗಡ್ಡೆಯ ಹಳೇ ಚೀಲಗಳಲ್ಲಿ. ಬಿತ್ತನೆ ಮುಗಿದ ಮೇಲೆ ಚೀಲ ಅಗ್ಗ.
ಅಂಗಡಿಯೆಲ್ಲ ಕುಡಿದಿಟ್ಟ ಲೋಟದ ತಳದ ವಾಸನೆ.

ಸ್ಟೆಲ್ಲಾ ಟೀಚರ್ ಮತ್ತೆ ಬಂದಿದ್ದರು,
ಕೊಳೆತ ಕಾಂಡ ಪೇಪರಿನಲ್ಲಿ ಸುತ್ತಿಕೊಂಡು,
ಸತ್ತ ಗುಬ್ಬಿಯನ್ನು ತಂದವರ ಹಾಗೆ.
ಅಮ್ಮ ಕನ್ನಡಕ ಏರಿಸಿ ಒಂದೇ ಒಂದು ಗಟ್ಟಿ ಎಲೆ ಆರಿಸಿ
ಒಣ ಮಣ್ಣಿನ ಮೇಲೆ ಅಂಗಾತ ಮಲಗಿಸಿದಳು.
ಹೂಳಬೇಡಿ. ಏಳಿಸಬೇಡಿ. ಗೌರಿಹಬ್ಬಕ್ಕೆ ಬನ್ನಿ.

ಬೀಗ ಹಾಕಿ ಊರೂರು ತಿರುಗುವ ಒಬ್ಬಾತ ಕೇಳಿದ:
ವರ್ಷಕ್ಕೊಂದು ಸಲ ಬಾಗಿಲು ತೆಗೆದರೂ ಬಾಡದೆ ಇರೋದು ಇದೆಯಾ?
ಅಮ್ಮ ಗುಡಿಯ ದಿಕ್ಕಿಗೆ ಗಲ್ಲ ಎತ್ತಿದಳು:
ಆ ಹೂವು ಹಾಸನಾಂಬೆ ಹತ್ತಿರ ಮಾತ್ರ.
ನಮ್ಮಲ್ಲಿ ಹಾವಿನ ಗಿಡ. ಎರಡು ತಿಂಗಳು ತಡೆದೀತು.

ಇನ್ನು ಮನಿಪ್ಲಾಂಟು.
ಕದ್ದು ತಂದರೇ ಹಬ್ಬುತ್ತದೆ, ಕೊಂಡರೆ ಸೊರಗುತ್ತದೆ ಎಂದು
ಊರಿಗೆಲ್ಲ ಗೊತ್ತು. ಅದಕ್ಕೇ ಅಮ್ಮನ ಏರ್ಪಾಡು:
ಗಿರಾಕಿ ಬಂದು ಸಣ್ಣಗೆ ಕೆಮ್ಮಿದರೆ ಸಾಕು,
ಬೆನ್ನು ತಿರುಗಿಸಿ ಗೋಡೆಯ ಕ್ಯಾಲೆಂಡರಿನಲ್ಲಿ
ಏಕಾದಶಿ ಯಾವತ್ತೆಂದು ಹುಡುಕುತ್ತಾಳೆ.
ಅವರು ಕದಿಯುತ್ತಾರೆ. ತಗಡಿನ ಡಬ್ಬಿಗೆ
ಹತ್ತರ ನಾಣ್ಯ ನಾಲ್ಕು ಠಣ್ಣೆನ್ನಿಸಿ
ಸೆರಗಿನಡಿ ಮುಚ್ಚಿಕೊಂಡು ನಡೆಯುತ್ತಾರೆ.
ಎಲ್‌ಐಸಿಯ ಮುಮ್ತಾಜ್ ಮೇಡಂ
ಐವತ್ತು ಹಾಕಿ, ಚಿಲ್ಲರೆಯನ್ನೂ ಕದ್ದೇ ಒಯ್ಯುತ್ತಾರೆ.

ಗುರುವಾರ ಡಬ್ಬಿ ಸದ್ದು ಮಾಡಲಿಲ್ಲ.
ಅಮ್ಮ ಏಕಾದಶಿ ಹುಡುಕಿದಳು, ದ್ವಾದಶಿಯನ್ನೂ.
ತಿರುಗಿದರೆ ಕಡಪಾ ಕಲ್ಲಿನ ಮೇಲೆ
ಕುಂಡ ಕೂತಿದ್ದ ಒದ್ದೆ ಉಂಗುರ.
ರಸ್ತೆಯಾಚೆ ನೀಲಿ ಯೂನಿಫಾರ್ಮು, ಕೊಡೆಯಿಲ್ಲ,
ಎರಡು ಜಡೆ, ಎರಡು ಕೈ ತುಂಬ ಒಂದು ಗಿಡ.
ಕೂಗಲು ಬಾಯಿ ತೆರೆದೆ. ಅಮ್ಮ ಮೊಣಕೈ ಹಿಡಿದಳು:
ಇಷ್ಟು ವರ್ಷಕ್ಕೆ ಇವತ್ತು ಒಂದು
ಸರಿಯಾಗಿ ವ್ಯಾಪಾರ ಆಯ್ತು ನೋಡು.

ರಾತ್ರಿ ಅಪ್ಪ ಲೆಕ್ಕದ ಪುಸ್ತಕದಲ್ಲಿ ಬರೆದರು:
ಕಳವು ಹದಿಮೂರು. ಅದರಲ್ಲಿ ನಿಜ, ಒಂದು.
ಹೊರಗೆ ಸೋನೆ ಹಲಗೆಯ ಬಲಭಾಗ ನೆಕ್ಕಿ
‘ಬೇಡಿ’ ಎರಡೂ ಹೋಗಿ ‘ನೀರು ಹಾಕ’ ಉಳಿದಿತ್ತು.

ಒರೆಸಿ ಮತ್ತೆ ಬರೆದೆ. ಕೆಳಗೆ, ಸಣ್ಣ ಅಕ್ಷರದಲ್ಲಿ:
ಗುರುವಾರ ಗಿಡ ಒಯ್ದವರ ಗಮನಕ್ಕೆ.
ಕಿಟಕಿಯ ಹತ್ತಿರ ಇಡಿ, ಬಿಸಿಲಿಗಲ್ಲ.
ಮಣ್ಣಿಲ್ಲದಿದ್ದರೆ ಬಾಟಲಿಯ ನೀರೂ ಆದೀತು.
ಉದ್ದವಾದಾಗ ಗೆಣ್ಣಿನ ಕೆಳಗೆ ಕತ್ತರಿಸಿ.
ಯಾರಾದರೂ ಕೇಳಿದರೆ ಕೊಡಬೇಡಿ;
ಸುಮ್ಮನೆ ಅತ್ತ ತಿರುಗಿ ನಿಲ್ಲಿ.