ಎಳ್ಳಿನಷ್ಟು

ಏಳನೆಯ ದಿನವೂ ನಲ್ಲಿ ಸೂಜಿಗಳನ್ನೇ ಉದುರಿಸಿತು.
ಪುಂತಾ ಅರೇನಾಸಿನಲ್ಲಿ ಜೂನ್ ಎಂದರೆ
ಬೆಳಗಿನ ಹತ್ತಕ್ಕೆ ಸೂರ್ಯ, ಐದೂವರೆಗೆ ಮತ್ತೆ ಕತ್ತಲೆ,
ನಡುವೆ ತಗಡಿನ ಮಾಡನ್ನು
ಮೂಲೆ ಹಿಡಿದು ಎತ್ತಿ ನೋಡುವ ಗಾಳಿ.

ನಾನು ಏಡಿ ಕಾರ್ಖಾನೆಯವಳು.
ದಿನಕ್ಕೆ ಒಂಬತ್ತು ತಾಸು ಕೆಂಪೇಡಿಯ ಕಾಲು ಮುರಿದು
ಬಿಳಿ ಮಾಂಸ ಹಿಂಡಿ ತೆಗೆಯುತ್ತೇನೆ.
ಆ ವಾಸನೆ ತಣ್ಣೀರಿಗೆ ಜಗ್ಗುವುದಿಲ್ಲ.
ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಬರುತ್ತದೆ.

ಮನೆಯೊಡತಿ ಸುನಿಲ್ದಾ ಪಂಚಾಯ್ತಿ ಸೇರಿಸಿದಳು.
ಐದು ಜನ ಬಾಡಿಗೆಯವರು, ಒಂದೇ ಬಚ್ಚಲು.
ತಪ್ಪು ಯಾರದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು:
ವೆನ್ಸೆಸ್ಲಾವೊನದು.
ದೋಣಿಯಿಂದ ಇಳಿದರೆ ಮುಕ್ಕಾಲು ಗಂಟೆ ಒಳಗೇ ನಿಂತು ಹಾಡುತ್ತಾನೆ,
ಗೀಸರ್ ಪಾಪ, ಎಷ್ಟೆಂದು ತಡೆದೀತು.
ಅವನು ಟೋಪಿ ಕಳಚಿ ಕೂತ. ಅಲ್ಲವೆನ್ನಲಿಲ್ಲ.
ಆಮೇಲೆ ಬಂದರಿನ ಮೀನುಗಾರರ ಸಂಘದಲ್ಲೇ
ಮೈ ತೊಳೆದು ಬರತೊಡಗಿದ.

ಭಾನುವಾರ ನಾನೇ ಸ್ಕ್ರೂಡ್ರೈವರ್ ಹಿಡಿದೆ.
ಮುಚ್ಚಳ ತೆಗೆದರೆ ಪೈಲಟ್ ಉರಿಯುತ್ತಲೇ ಇದೆ,
ನೀಲಿ, ಬೆರಳ ಗೆಣ್ಣಿನುದ್ದ,
ಚಿಮಣಿಯ ಗಾಳಿಗೆ ಬಾಗುತ್ತ, ಏಳುತ್ತ.
ನಲ್ಲಿ ತಿರುಗಿಸಿದೆ: ನೀರು ಜೋರಾಗಿಯೇ ಬಂತು.
ಗ್ಯಾಸಿನ ಬಿಲ್ಲು ಕಟ್ಟಿದೆ.
ಜಾಲರಿ ಬಿಚ್ಚಿ ಹಳೇ ಹಲ್ಲುಬ್ರಷ್ಷಿನಿಂದ ತಿಕ್ಕಿದೆ:
ಒಂದು ಚಿಟಿಕೆ ಮರಳು, ಅಷ್ಟೇ.
ಬೆಂಕಿಯೂ ಇದೆ, ನೀರೂ ಇದೆ,
ಒಂದೇ ಪೆಟ್ಟಿಗೆಯಲ್ಲಿ, ಗೇಣು ದೂರದಲ್ಲಿ;
ಮಾತು ಬಿಟ್ಟಿವೆ.

ಗ್ಯಾಸ್ ಮುಚ್ಚಿ, ನೀರು ಮುಚ್ಚಿ,
ಹಿತ್ತಾಳೆಯ ಹೊಟ್ಟೆಯ ಆರೂ ತಿರುಪು ಬಿಚ್ಚಿದೆ.
ಒಳಗೆ ರಬ್ಬರಿನ ಬಿಲ್ಲೆ, ಹಪ್ಪಳದಷ್ಟು ತೆಳ್ಳಗೆ.
ಕಿಟಕಿಗೆ ಹಿಡಿದೆ.
ಎಳ್ಳಿನಷ್ಟು ತೂತು.
ಅದರಾಚೆ ಜಲಸಂಧಿಯ ಬೂದು ನೀರು,
ಒಂದು ಹಡಗಿನ ಅರ್ಧ.

ಸೋಮವಾರ ಮಾರ್ಟಿನಿಚ್ ತನ್ನ ಅಂಗಡಿಯಲ್ಲಿ
ಹೊಸ ಬಿಲ್ಲೆಯನ್ನು ಹೆಬ್ಬೆರಳಿಂದ ಒತ್ತಿ ತೋರಿಸಿದ:
'ನೀರು ಬಂದು ಇದನ್ನು ನೂಕಬೇಕು. ಇದು ಕಡ್ಡಿಯನ್ನು ನೂಕುತ್ತದೆ,
ಕಡ್ಡಿ ಗ್ಯಾಸಿನ ಬಾಗಿಲನ್ನು. ತೂತಾಯಿತೋ,
ನೀರು ತೂರಿಕೊಂಡು ಹೋಗುತ್ತದೆ. ನೂಕುವುದಿಲ್ಲ.'
ಎರಡು ಸಾವಿರದ ಎಂಟುನೂರು ಪೆಸೊ. ಚೀಟಿ ಬೇಕೇ ಎಂದ.

ಬಸ್ಸಿನಲ್ಲಿ, ಖಾಲಿ ಸೀಟಿನ ಪಕ್ಕ, ಅದನ್ನೇ ಯೋಚಿಸುತ್ತ ಬಂದೆ.
ನಡುವೆ ತಡೆಯುವ ಚರ್ಮವೊಂದಿದ್ದರೇ
ನೀರಿನ ಸುದ್ದಿ ಬೆಂಕಿಗೆ ಮುಟ್ಟುವುದು.
ಬಂದದ್ದನ್ನೆಲ್ಲ ಒಳಬಿಟ್ಟರೆ
ಏನೂ ಹೊತ್ತಿಕೊಳ್ಳುವುದಿಲ್ಲ.
ಇದು ಗೀಸರಿನ ಮಾತು;
ಬೇರೆಯದಕ್ಕೆ ಹೊಂದುತ್ತದೋ ಇಲ್ಲವೋ, ನಾನು ಕಾಣೆ.

ತಿರುಪು ಬಿಗಿದೆ. ಎರಡು ಸಲ ಸೋರಿತು.
ಮೂರನೆಯ ಸಲ ನಲ್ಲಿ ತಿರುಗಿಸಿದರೆ
ಧಪ್ಪೆಂದು, ಒಳಗಿನ ಸಾಲುದೀಪವೆಲ್ಲ ಒಟ್ಟಿಗೆ!
ಅಡುಗೆಮನೆಯಿಂದ ಸುನಿಲ್ದಾ ಯಾವುದೋ ಸಂತನ ಹೆಸರು ಕೂಗಿದಳು.

ಮೊದಲ ಸ್ನಾನ ನನ್ನದೇ ಆಗಬೇಕಿತ್ತು.
ಟವೆಲ್ಲೂ ಹೆಗಲ ಮೇಲಿತ್ತು.
ಹೋಗಿ ವೆನ್ಸೆಸ್ಲಾವೊನ ಬಾಗಿಲು ತಟ್ಟಿದೆ.
'ನೀನು ಹೋಗು' ಎಂದೆ. 'ಹಾಡು, ಬೇಕಾದರೆ.'

ಹೋದ. ಹಾಡಲಿಲ್ಲ.
ಐದೇ ನಿಮಿಷಕ್ಕೆ ಹೊರಬಂದ,
ಕನ್ನಡಿಯ ಮೇಲಿನ ಹಬೆಯನ್ನೂ ಒರೆಸಿಟ್ಟು.

ಹಳೆಯ ಬಿಲ್ಲೆ ಈಗ
ಊಟದ ಮೇಜಿನ ಕುಂಟು ಕಾಲಿನ ಅಡಿಯಲ್ಲಿದೆ.